ಉತ್ತರದ ಹಿರಾ ಇನ್ನೂ ಹೊರಬಂದಿಲ್ಲ

ಓಮಾಚಿ
ಮಾರ್ಚ್ 12, 1968

ಮಾನ್ಯ ಫುನಾಯಾಮಾ ಕಿಂಜಿ ಅವರಿಗೆ,

ಮುಖಪರಿಚಯವಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ವಿಳಾಸ ಕೊಟ್ಟವರು ಅರಣ್ಯ ಕಚೇರಿಯವರು. ಈದೆ ಬೆಟ್ಟಸಾಲಿನ ಹಿಮದ ಬಗ್ಗೆ ತಾಕಿನೊಸಾವಾ ಹಳ್ಳಿಯ ಕರಡಿ ಬೇಟೆಗಾರರ ಮುಖಂಡರು ಹೇಳಿದರೆ ಅದು ಮಾಹಿತಿ, ಉಳಿದವರು ಹೇಳಿದರೆ ಊಹೆ ಎಂದು ಅಲ್ಲಿನ ಗುಮಾಸ್ತರು ನಕ್ಕರು.

ನಾನು ಇಲ್ಲಿನ ನೂಲಿನ ಗಿರಣಿಯಲ್ಲಿ ಮೇಲ್ವಿಚಾರಕಿ. ವಯಸ್ಸು ಮೂವತ್ತೆಂಟು. ಗಿರಣಿಯ ಹೆಂಗಸರ ಪರ್ವತ ಸಂಘವನ್ನು ಒಂಬತ್ತು ವರ್ಷಗಳಿಂದ ನಡೆಸುತ್ತಿದ್ದೇನೆ. ಮೇ ಮೊದಲ ವಾರದ ರಜೆಯಲ್ಲಿ ನಾವು ಒಂಬತ್ತು ಜನ ಸ್ಕೀ ತೆಗೆದುಕೊಂಡು ಈದೆಯನ್ನು ದಾಟಬೇಕೆಂದಿದ್ದೇವೆ. ನೀಗಾತಾ ಕಡೆಯಿಂದ ಹತ್ತಿ, ನೆತ್ತಿಯ ಗುಡಿಸಲಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಕುರೊಸಾವಾ ಕಣಿವೆಯಲ್ಲಿ ಇಳಿದು ನಿಮ್ಮ ಹಳ್ಳಿ ಸೇರುವುದು ಯೋಜನೆ.

ನಮ್ಮ ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಬೆಳಗಿನ ನಾಲ್ಕಕ್ಕೆ ಹೊರಡುತ್ತೇವೆ. ಹತ್ತರ ಮೇಲೆ ಯಾವ ಇಳಿಜಾರಿನ ಕೆಳಗೂ ನಿಲ್ಲುವುದಿಲ್ಲ. ಅನುಮಾನವಿರುವ ಜಾಗವನ್ನು ಒಬ್ಬೊಬ್ಬರಾಗಿ ದಾಟುತ್ತೇವೆ. ಒಬ್ಬಳು ದಾಟುವಾಗ ಉಳಿದ ಎಂಟು ಜೋಡಿ ಕಣ್ಣು ಅವಳ ಮೇಲೇ ಇರುತ್ತವೆ. ಪ್ರತಿಯೊಬ್ಬಳ ಸೊಂಟದಿಂದ ಹದಿನೈದು ಮೀಟರ್ ಕೆಂಪು ದಾರ ಹಿಂದೆ ಎಳೆಯುತ್ತಿರುತ್ತದೆ. ಹೂತುಹೋದರೆ ದಾರ ಹಿಡಿದು ಅಗೆಯಬಹುದು.

ಈ ವರ್ಷ ನಿಮ್ಮಲ್ಲಿ ಹಿಮ ಎಷ್ಟು ಬಿದ್ದಿದೆ? ಕುರೊಸಾವಾದ ಸ್ಥಿತಿ ಮೇ ಹೊತ್ತಿಗೆ ಹೇಗಿರುತ್ತದೆ? ತಿಳಿಸಿದರೆ ಉಪಕಾರ.

ಕುರಾಶಿನಾ ಹಿಸಾಯೆ

*

ತಾಕಿನೊಸಾವಾ
ಮಾರ್ಚ್ 24

ಕುರಾಶಿನಾ ಅವರಿಗೆ,

ಪತ್ರ ಬಂತು. ಅಂಚೆಯವನು ಹಿಮಬೂಟು ಹಾಕಿಕೊಂಡು ವಾರಕ್ಕೆ ಎರಡು ಸಲ ಬರುತ್ತಾನೆ. ಹೆಂಗಸಿನ ಕೈಬರಹ ನೋಡಿ ಬಾಗಿಲಲ್ಲೇ ನಿಂತು, "ಯಾರಜ್ಜ ಇದು, ಈ ವಯಸ್ಸಲ್ಲಿ?" ಅಂದ. ನನ್ನ ಹೆಂಡತಿ ತಾಕೆ, "ಓದಿ ಹೇಳು, ಸೊಸೆ ಸಿಕ್ಕರೂ ಸಿಗಬಹುದು" ಅಂದಳು. ಓದಿದ ಮೇಲೆ ಇಬ್ಬರಿಗೂ ನಿರಾಶೆಯಾಯಿತು.

ಈ ವರ್ಷ ಹಿಮ ಹೆಚ್ಚು. ಹಳ್ಳಿಯಲ್ಲೇ ಮೂರು ಮೀಟರ್ ಮೂವತ್ತು. ಜನವರಿಯಲ್ಲಿ ಬಿದ್ದದ್ದು ಒಣಹಿಮ, ಅದರ ಮೇಲೆ ಫೆಬ್ರವರಿ ಕೊನೆಗೆ ಮಳೆ ಬಿತ್ತು. ಅಂದರೆ ವಸಂತದ ಹಿಮಕುಸಿತ ದೊಡ್ಡದಾಗಿಯೇ ಇರುತ್ತದೆ. ಚಳಿಗಾಲದ ಹಿಮಕುಸಿತ ಮೇಲಿನ ಪದರವನ್ನಷ್ಟೇ ಒಯ್ಯುತ್ತದೆ. ವಸಂತದ್ದು ಹಾಗಲ್ಲ. ಕರಗಿದ ನೀರು ನೆಲದ ಹುಲ್ಲಿನವರೆಗೆ ಇಳಿದು, ಇಡೀ ಬೆಟ್ಟದ ಮೈಯ ಹಿಮ ಚಾಪೆಯ ಹಾಗೆ ಜಾರುತ್ತದೆ. ಮಣ್ಣು, ಕಲ್ಲು, ಮರ ಎಲ್ಲ ಒಟ್ಟಿಗೆ.

ಕುರೊಸಾವಾ ಇಕ್ಕಟ್ಟಿನ ಕಣಿವೆ. ಎರಡೂ ಪಕ್ಕದ ಇಳಿಜಾರು ಪ್ರತಿವರ್ಷ ಬೀಳುತ್ತವೆ. ದಕ್ಷಿಣದ ಬಿಸಿಲಿಗೆ ಮುಖ ಮಾಡಿದ್ದು ಮೊದಲು, ಉತ್ತರಕ್ಕೆ ಮುಖ ಮಾಡಿದ್ದು ಆಮೇಲೆ. ಎರಡೂ ಬಿದ್ದ ಮೇಲೆ ಅಲ್ಲಿ ಮಗುವನ್ನೂ ನಡೆಸಿಕೊಂಡು ಹೋಗಬಹುದು.

ನಿಮ್ಮ ಪದ್ಧತಿ ಚೆನ್ನಾಗಿದೆ. ಆದರೆ ಬರುವುದನ್ನು ಮೇ ಹದಿನೈದರ ಮೇಲೆ ಇಟ್ಟುಕೊಳ್ಳಿ. ಅಷ್ಟರವರೆಗೆ ಬೆಟ್ಟದ ಏಣಿನ, ಅಂದರೆ ನೆತ್ತಿಯ ಅಂಚಿನ ಹಿಮವೂ ಒಳ್ಳೆಯದಿರುವುದಿಲ್ಲ.

ಫುನಾಯಾಮಾ ಕಿಂಜಿ

*

ಓಮಾಚಿ
ಏಪ್ರಿಲ್ 8

ಮಾನ್ಯ ಫುನಾಯಾಮಾ ಅವರಿಗೆ,

ಇಷ್ಟು ವಿವರವಾದ ಉತ್ತರ ನಾನು ನಿರೀಕ್ಷಿಸಿರಲಿಲ್ಲ. ಸಂಘದ ಕೋಣೆಯ ಗೋಡೆಗೆ ನಿಮ್ಮ ಪತ್ರವನ್ನು ಅಂಟಿಸಿದ್ದೇವೆ.

ಆದರೆ ಮೇ ಹದಿನೈದು ನಮಗೆ ಸಾಧ್ಯವಿಲ್ಲ. ಗಿರಣಿಯ ಯಂತ್ರ ನಿಲ್ಲುವುದು ಮೇ ಮೂರರಿಂದ ಐದರವರೆಗೆ ಮಾತ್ರ.

ಇನ್ನೊಂದು ಮಾತು. ಬೆಟ್ಟದ ಏಣಿನ ಮೇಲಿನ ಹಿಮ ಮೇ ಮೊದಲ ವಾರದಲ್ಲಿ ಕೆಟ್ಟದಾಗಿರುವುದಕ್ಕೆ ಕಾರಣ ನನಗೆ ಹೊಳೆಯಲಿಲ್ಲ. ಆ ಹೊತ್ತಿಗೆ ಅದು ರಾತ್ರಿ ಗಟ್ಟಿಯಾಗಿ, ಬೆಳಿಗ್ಗೆ ಕಲ್ಲಿನಂತಿರಬೇಕು. ಸಂಘದ ಹುಡುಗಿಯೊಬ್ಬಳ ತಾತ ಯಾಮಾಗಾತಾದವರು, ನಿಮ್ಮ ಬೆಟ್ಟದ ಕಡೆಯವರೇ. ಅವರು ಹೇಳಿದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ: ವಸಂತದ ಕರಡಿ ಬೇಟೆ ಮುಗಿಯುವವರೆಗೆ ಆ ಬೆಟ್ಟಕ್ಕೆ ಹೆಂಗಸು ಕಾಲಿಡಬಾರದಂತೆ, ಬೆಟ್ಟದ ದೇವಿಗೆ ಹೊಟ್ಟೆಕಿಚ್ಚಂತೆ. ಕಾರಣ ಅದೇ ಆಗಿದ್ದರೆ ಅದನ್ನೇ ಬರೆಯಿರಿ. ನಿಮ್ಮ ಬೇಟೆಯ ಜಾಗದಿಂದ ದೂರವೇ ಇರುತ್ತೇವೆ. ಹಿಮದ ಬಗ್ಗೆ ಮಾತ್ರ ನನಗೆ ಹಿಮದ ಸಂಗತಿಯೇ ಬೇಕು.

ಕುರೊಸಾವಾದ ಎರಡು ಇಳಿಜಾರುಗಳು ಈಗ ಹೇಗಿವೆ?

ಕುರಾಶಿನಾ ಹಿಸಾಯೆ

*

ತಾಕಿನೊಸಾವಾ
ಏಪ್ರಿಲ್ 19

ಕುರಾಶಿನಾ ಅವರಿಗೆ,

ನಿನ್ನೆಯಿಂದ ನಮ್ಮ ಬೇಟೆ ಶುರುವಾಗಿದೆ. ಹಾಗಾಗಿ ಚಿಕ್ಕದಾಗಿ ಬರೆಯುತ್ತೇನೆ.

ದೇವಿಯ ಸಂಗತಿ ನನಗೂ ದೇವಿಗೂ ಬಿಟ್ಟದ್ದು.

ಮೊನ್ನೆ ಕುರೊಸಾವಾದ ಬಾಯಿಯವರೆಗೆ ಹೋಗಿ ನೋಡಿ ಬಂದೆ. ದಕ್ಷಿಣದ ಹಿರಾ ಹೊರಬಂದಿದೆ. ಉತ್ತರದ ಹಿರಾ ಇನ್ನೂ ಹೊರಬಂದಿಲ್ಲ. ಅದು ಹೊರಬರುವ ತನಕ ಕಣಿವೆಗೆ ಇಳಿಯಬೇಡಿ, ಕಾಯಿರಿ.

ಕಿಂಜಿ

*

ಓಮಾಚಿ
ಏಪ್ರಿಲ್ 25

ಮಾನ್ಯ ಫುನಾಯಾಮಾ ಅವರಿಗೆ,

ಬೇಟೆಯ ಸಿದ್ಧತೆಯ ನಡುವೆಯೂ ಕಣಿವೆಯವರೆಗೆ ನಡೆದು ನೋಡಿ ಬಂದದ್ದಕ್ಕೆ ಕೃತಜ್ಞತೆಗಳು. ನಮಗೆ ಬೇಕಾದದ್ದು ಸಿಕ್ಕಿತು.

ನಮ್ಮ ಕಡೆಯೂ ಇಳಿಜಾರಿಗೆ ಹಿರಾ ಎಂದೇ ಹೇಳುತ್ತೇವೆ. ದಕ್ಷಿಣದ ಹಿರಾ ಹೊರಬಂದಿದೆ ಎಂದಿದ್ದೀರಿ. ಹಿಮ ಕರಗಿ ಹುಲ್ಲು, ಬಂಡೆ ಕಾಣುತ್ತಿವೆ, ಸ್ಕೀಗೆ ಅಲ್ಲಿ ದಾರಿಯಿಲ್ಲ ಎಂದು ಬರೆದುಕೊಂಡೆವು. ಉತ್ತರದ್ದು ಇನ್ನೂ ಹೊರಬಂದಿಲ್ಲ, ಅಂದರೆ ಹಿಮ ದಟ್ಟವಾಗಿ ಹೊದ್ದುಕೊಂಡಿದೆ. ಆದ್ದರಿಂದ ಮೇ ನಾಲ್ಕರಂದು ನಾವು ಉತ್ತರದ ಹಿರಾದ ಬುಡ ಹಿಡಿದು ಇಳಿಯುತ್ತೇವೆ.

ಅದು ಹೊರಬರುವ ತನಕ ಕಾಯಿರಿ ಎಂಬ ನಿಮ್ಮ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಹಿಮವೆಲ್ಲ ಹೋದ ಮೇಲೆ ಸ್ಕೀ ಹೊತ್ತು ಬಂದು ಮಾಡುವುದೇನು? ಹಿಂದಿನ ಪತ್ರದಲ್ಲಿ ಕೇಳಿದ ಪ್ರಶ್ನೆಗೆ ಇದೇ ನಿಮ್ಮ ಉತ್ತರ ಎಂದು ತಿಳಿದುಕೊಂಡಿದ್ದೇನೆ. ಬೇಸರವಿಲ್ಲ. ಹೆಂಗಸರು ಬೆಟ್ಟಕ್ಕೆ ಬೇಡ ಎಂಬುದನ್ನು ಇಪ್ಪತ್ತು ವರ್ಷಗಳಿಂದ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದೇನೆ.

ಎರಡರಂದು ಒಂದು ದಿನ ರಜೆ ಕೇಳಿಕೊಂಡಿದ್ದೇವೆ, ಮೇ ಎರಡರ ಸಂಜೆ ಯುನೊಸಾವಾದ ಕಾಮೆಯಾ ವಸತಿಗೃಹದಲ್ಲಿರುತ್ತೇವೆ. ನಾಲ್ಕರ ಮಧ್ಯಾಹ್ನದೊಳಗೆ ನಿಮ್ಮ ಹಳ್ಳಿಯಲ್ಲಿ.

ಕುರಾಶಿನಾ ಹಿಸಾಯೆ

*

ತಂತಿ
ಮೇ 2, ಮಧ್ಯಾಹ್ನ 3.10
ಯುನೊಸಾವಾ, ಕಾಮೆಯಾ ವಸತಿಗೃಹ, ಕುರಾಶಿನಾ ಹಿಸಾಯೆ

ಹಿರಾ ಅಂದರೆ ಹಿಮಕುಸಿತ. ಉತ್ತರದ ಹಿಮಕುಸಿತ ಇನ್ನೂ ಬಿದ್ದಿಲ್ಲ. ಬೀಳಲಿದೆ. ಕಣಿವೆ ಬೇಡ. ಏಣಿನ ಮೇಲೆ ಬನ್ನಿ. ಕಿಂಜಿ

*

ಓಮಾಚಿ
ಮೇ 7

ಮಾನ್ಯ ಫುನಾಯಾಮಾ ಅವರಿಗೆ,

ಒಂಬತ್ತು ಜನರೂ ಸುಖವಾಗಿ ಮರಳಿದ್ದೇವೆ. ನಿನ್ನೆ ಬೆಳಗಿನ ಪಾಳಿಗೆ ಒಂಬತ್ತು ಜನರೂ ಹಾಜರು. ಮೂಗು ಮಾತ್ರ ಎಲ್ಲರದೂ ಸುಲಿದಿದೆ.

ತಂತಿ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ನಾನು ಗಟ್ಟಿಯಾಗಿ ಓದಿದೆ. ಆಮೇಲೆ ನಮ್ಮ ಗುಂಪಿನ ಚಿಕ್ಕವಳು ಯಾಸು ಚಾಪ್‌ಸ್ಟಿಕ್ ಕೆಳಗಿಟ್ಟು, "ನೋಡಿದ್ರಾ ಅಕ್ಕ, ಅಜ್ಜನಿಗೆ ನಮ್ಮ ವಾಸನೆ ಬಂತು. ಕಾಯಿ ಅಂದ್ರೆ ಕೇಳ್ಲಿಲ್ಲ ಅಂತ ಈಗ ಹೊಸ ಕಥೆ ಕಟ್ಟಿದಾನೆ" ಅಂದಳು.

"ಹಿರಾ ಅಂದ್ರೆ ಇಳಿಜಾರು. ನಮ್ಮಜ್ಜಿನೂ ಹಂಗೇ ಅಂತಿದ್ಲು. ಒಂದೇ ವಾರದಲ್ಲಿ ಅರ್ಥ ಬದಲಾಗೋಕೆ ಇದೇನು ಗಿರಣಿ ನಿಯಮಾನಾ?" ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೂ ಹಾಗೇ ಅನ್ನಿಸಿತ್ತು.

ಆಗ ಸಾರು ಬಡಿಸುತ್ತಿದ್ದ ಮನೆಯೊಡತಿ, ಸೆಕಿ ಅಂತ, ಎಪ್ಪತ್ತರ ಹತ್ತಿರದವರು, ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

"ಯಾರು ಬರೆದದ್ದು ಅಂದ್ರಿ?"

"ತಾಕಿನೊಸಾವಾದ ಫುನಾಯಾಮಾ ಕಿಂಜಿ."

"ಮುಖಂಡ ಕಿಂಜಿನಾ? ಆ ಮಾತು ಬರೆದಿದಾನಾ? ಕೊಡಿ ಇಲ್ಲಿ." ಕಾಗದವನ್ನು ದೀಪದ ಹತ್ತಿರ ಹಿಡಿದು ಎರಡು ಸಲ ಓದಿದರು. "ನಾನು ಹುಟ್ಟಿದ್ದು ಆ ಕಡೇಲೇ ಕಣಮ್ಮ. ಬೇಟೆ ಶುರುವಾದ ಮೇಲೆ ನಮ್ಮ ಗಂಡಸ್ರು ಊರಿನ ಮಾತು ಬಿಟ್ಟು ಬೆಟ್ಟದ ಮಾತು ಹಿಡೀತಾರೆ. ಹಿಮಕುಸಿತ ಅನ್ನೋದನ್ನ ಅಂತೂ ಬಾಯಲ್ಲಿ ಅನ್ನೋದೇ ಇಲ್ಲ, ಹೇಳಿದ್ರೆ ಕರೆದ ಹಾಗಂತೆ. ಹಿರಾ ಅಂತಾರೆ. ಹಿರಾ ಹೊರಬಂತು ಅಂದ್ರೆ ಬಿದ್ದು ಮುಗೀತು, ಇನ್ನು ಭಯ ಇಲ್ಲ ಅಂತ. ನಮ್ಮಪ್ಪನ ಕಾಲು ಸಿಕ್ಕಾಕ್ಕೊಂಡಾಗ್ಲೂ ಅವನು ಹಿರಾ ಹಿರಾ ಅಂತಲೇ ಕೂಗಿದ್ದು. ಕಿಂಜಿ ಈ ಮಾತು ಬರೆದಿದಾನೆ ಅಂದ್ರೆ ನೀವು ಅತ್ತ ಹೋಗಬೇಡಿ. ನನ್ನ ಕೇಳಿದ್ರೆ ಬೆಟ್ಟಕ್ಕೇ ಹೋಗಬೇಡಿ."

ನಾನು ನಿಮ್ಮ ಏಪ್ರಿಲ್ ಪತ್ರ ತೆಗೆದು ಹೊಸ ಅರ್ಥದಲ್ಲಿ ಮತ್ತೆ ಓದಿದೆ. ಪ್ರತಿ ವಾಕ್ಯವೂ ತಿರುಗಿ ನಿಂತಿತು. ಭಯವಿಲ್ಲ ಎಂದು ನೀವು ಬರೆದ ಕಡೆಯನ್ನು ನಾನು ಬಿಟ್ಟಿದ್ದೆ. ಹೋಗಬೇಡಿ ಎಂದ ಕಡೆಯನ್ನೇ ಆರಿಸಿದ್ದೆ.

ಆಗ ತೊಮಿ ಮಾತಾಡಿದಳು. ಅವಳ ವಿಷಯವನ್ನು ಮಾರ್ಚಿನಲ್ಲೇ ನಿಮಗೆ ಬರೆಯಬೇಕಿತ್ತು, ಬರೆಯಲಿಲ್ಲ. ಕಳೆದ ವರ್ಷ ಇದೇ ರಜೆಯಲ್ಲಿ, ನಮ್ಮೂರ ಹಿಂದಿನ ಬೆಟ್ಟದಲ್ಲಿ, ಬೆಳಗಿನ ಹತ್ತೂವರೆಗೆ ತೊಮಿ ಹಿಮದಡಿ ಹೋದಳು. ಹೊರಡುವುದು ಒಂದು ಗಂಟೆ ತಡವಾಗಿತ್ತು. ತಡ ಮಾಡಿದವಳು ನಾನು. ಹನ್ನೊಂದು ನಿಮಿಷ ಅಗೆದೆವು. ಬದುಕಿದಳು. "ಇನ್ನೊಂದು ಸಲ ಹೀಗಾದರೆ ಸಂಘದ ಬಾಗಿಲಿಗೆ ಬೀಗ" ಎಂದು ಗಿರಣಿಯ ವ್ಯವಸ್ಥಾಪಕರು ಬರೆದುಕೊಟ್ಟಿದ್ದಾರೆ. ನಿಮಗೆ ಗೊತ್ತಾದರೆ ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮುಚ್ಚಿಟ್ಟೆ.

ತೊಮಿ ಅಂದದ್ದು ಇಷ್ಟೆ: "ಅಕ್ಕ, ಒಳಗೆ ಕತ್ತಲೆ ಇರಲ್ಲ, ಬೂದು ಬಣ್ಣ ಇರತ್ತೆ. ಕೈ ಮುಖದ ಹತ್ರ ತರೋಕಾಗಲ್ಲ. ಅಜ್ಜ ಸುಳ್ಳೇ ಹೇಳಿರ್ಲಿ, ನಾನು ಏಣಿನ ಮೇಲೇ ಬರ್ತೀನಿ."

ಏಣಿನ ಮೇಲೇ ಬಂದೆವು. ನಾಲ್ಕರಂದು ಗುಡಿಸಲು ಬಿಟ್ಟದ್ದು ಬೆಳಗಿನ ಮೂರು ಐವತ್ತಕ್ಕೆ. ಹಿಮ ಕಲ್ಲಿನಂತಿತ್ತು, ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು, ಸ್ಕೀ ಬೆನ್ನಿಗೆ ಹಾಕಿ ನಡೆದೆವು. ಎರಡು ಕಡೆ ಗಾಳಿ ಕಟ್ಟಿದ ಹಿಮದ ಸೂರು ಕಣಿವೆಯತ್ತ ಚಾಚಿಕೊಂಡಿತ್ತು. ಅಲ್ಲಿ ಅಂಚಿನಿಂದ ಹತ್ತು ಮೀಟರ್ ಒಳಗೆ, ಹಗ್ಗ ಹಾಕಿ ಒಬ್ಬೊಬ್ಬರಾಗಿ ದಾಟಿದೆವು. ಕಣಿವೆಯಲ್ಲಿ ಎರಡು ಗಂಟೆಯ ಇಳಿಜಾರು. ಏಣಿನ ಮೇಲೆ ಆರು ಗಂಟೆ ಹಿಡಿಯಿತು.

ಏಳೂವರೆಗೆ ಎದುರಿನ ಉತ್ತರದ ಹಿರಾ ಪೂರ್ತಿ ಕಾಣಿಸಿತು. ದುರ್ಬೀನಿನಲ್ಲಿ ನೋಡಿದೆ. ನೆತ್ತಿಯ ಹತ್ತಿರ ಈ ತುದಿಯಿಂದ ಆ ತುದಿಗೆ ಬಿರುಕು, ಒಳಗೆ ಕಂದು ಮಣ್ಣು. ಬುಡದಲ್ಲಿ ಹಿಮ ಸುಕ್ಕುಗಟ್ಟಿ ಉಬ್ಬಿತ್ತು. ಇದನ್ನು ಓದಲು ನನಗೆ ಯಾವ ಭಾಷೆಯೂ ಬೇಕಿರಲಿಲ್ಲ. ದುರ್ಬೀನನ್ನು ಯಾಸುವಿನ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ನೋಡಿ, "ಅಜ್ಜನಿಗೆ ಒಂದು ಬಾಟಲಿ ಸಾಕೆ ಹೆಂಡ ಕೊಡ್ಬೇಕು" ಅಂದಳು.

ಅದು ಅಂದು ಬೀಳಲಿಲ್ಲ. ನಾವು ನಿಮ್ಮ ಹಳ್ಳಿ ತಲುಪುವವರೆಗೂ ಇದ್ದಲ್ಲೇ ಇತ್ತು. ರೈಲಿನಲ್ಲಿ ಹುಡುಗಿಯರು, "ಕಣಿವೆಯಲ್ಲೇ ಬಂದಿದ್ರೆ ಭುಜ ಉಳೀತಿತ್ತು" ಎಂದು ಗೊಣಗಿದರು. ಬೀಳದಿದ್ದರೂ ನಮ್ಮ ತೀರ್ಮಾನ ಸರಿಯೇ ಎಂದು ಅವರಿಗೆ ಹೇಳಿದೆ. ವರದಿ ಒಪ್ಪಿಸಿದಾಗ ವ್ಯವಸ್ಥಾಪಕರು, "ಏನೂ ಆಗಿಲ್ಲವಲ್ಲ, ಇಷ್ಟು ಉದ್ದ ಏಕೆ?" ಎಂದು ಕೇಳಿದರು. ಏನೂ ಆಗದಂತೆ ಮಾಡಲು ಇಷ್ಟು ಉದ್ದ ಬೇಕಾಯಿತು ಎಂದೆ. ಮೊಹರು ಒತ್ತಿದರು. ಸಂಘ ಉಳಿಯಿತು.

ಕೊನೆಗೊಂದು ಮಾತು. ನಿಮ್ಮ ಮನೆಯಲ್ಲಿ ತಾಕೆ ಅವರು ಜರೀಗಿಡದ ಚಿಗುರಿನ ಸಾರು, ಬಿಸಿ ಅನ್ನ ಬಡಿಸಿದರು. ಹೊಟ್ಟೆ ತುಂಬಿತು. ನಿಮ್ಮನ್ನು ಕೇಳಿದರೆ, "ಅವರು ಬೆಟ್ಟಕ್ಕೆ ಹೋಗಿದಾರೆ" ಎಂದು ನೆಲ ನೋಡಿದರು. ನಿಮ್ಮ ಬೂಟು ಬಾಗಿಲಲ್ಲೇ ಇತ್ತು. ಹೆಂಗಸರಿಗೆ ಮುಖ ತೋರಿಸಬಾರದೆಂಬ ನಿಯಮವಿದ್ದರೆ ಅದನ್ನು ಗೌರವಿಸುತ್ತೇನೆ. ಆದರೂ ಎದುರು ನಿಂತು ಒಮ್ಮೆ ತಲೆಬಾಗುವ ಆಸೆಯಿತ್ತು.

ಕುರಾಶಿನಾ ಹಿಸಾಯೆ

*

ತಾಕಿನೊಸಾವಾ
ಮೇ 21

ಹಿಸಾಯೆ ಅವರಿಗೆ,

ನಿನ್ನೆಗೆ ಬೇಟೆ ಮುಗಿಯಿತು. ಇನ್ನು ಎಲ್ಲ ಮಾತನ್ನೂ ಬರೆಯಬಹುದು.

ಮೊದಲು ನನ್ನ ತಪ್ಪು. ಮಾರ್ಚಿನಲ್ಲಿ ಏಣಿನ ಹಿಮ ಚೆನ್ನಾಗಿರುವುದಿಲ್ಲ ಎಂದು ಬರೆದದ್ದು ಸುಳ್ಳು. ನಿಮ್ಮ ಹುಡುಗಿಯ ತಾತ ಹೇಳಿದ್ದೇ ಸರಿ. ಹೆಂಗಸರು ಬೇಟೆಯ ಕಾಲಕ್ಕೆ ಬಾರದಿರಲಿ ಎಂದು ಹಿಮದ ನೆಪ ಹೇಳಿದೆ. ಏಪ್ರಿಲಿನಲ್ಲಿ ಹೇಳಿದ್ದು ನಿಜ. ಒಮ್ಮೆ ಹಿಮದ ಮೇಲೆ ಸುಳ್ಳು ಹೇಳಿದವನ ನಿಜವನ್ನು ನೀವು ನಂಬದೆ ಹೋದದ್ದಕ್ಕೆ ನಿಮ್ಮನ್ನು ಬೈಯುವುದು ಹೇಗೆ?

ನಿಮ್ಮ ಏಪ್ರಿಲ್ ಇಪ್ಪತ್ತೈದರ ಪತ್ರ ನನ್ನ ಕೈಸೇರಿದ್ದು ಮೇ ಎರಡರ ಬೆಳಿಗ್ಗೆ. "ಉತ್ತರದ ಹಿರಾದ ಬುಡ ಹಿಡಿದು" ಎಂಬಲ್ಲಿಗೆ ಬಂದಾಗ ಪತ್ರ ಮಡಚಿ ಬೂಟು ಎಳೆದುಕೊಂಡು ಹೊರಟೆ. ಅಂಚೆ ಕಚೇರಿ ಇಲ್ಲಿಂದ ಒಂಬತ್ತು ಕಿಲೋಮೀಟರ್. ದಾರಿಯುದ್ದಕ್ಕೂ ಆ ಮಾತನ್ನು ಬಿಟ್ಟು ಬರೆಯುವುದು ಹೇಗೆಂದು ಯೋಚಿಸಿದೆ. ದೊಡ್ಡ ಹಿಮ, ಬಿಳಿಯದು ಬರುತ್ತದೆ, ಹೀಗೆ ಏನೇನೋ. ಯಾವುದನ್ನು ಬರೆದರೂ ನೀವು ಇನ್ನೊಂದು ಅರ್ಥ ಮಾಡಿಕೊಳ್ಳಬಹುದಿತ್ತು. ನಿಮ್ಮ ಜಾಣತನದ ಬಗ್ಗೆ ನನಗೆ ಅಷ್ಟು ಭಯ ಹುಟ್ಟಿತ್ತು.

ಕೊನೆಗೆ ಅದೇ ಮಾತನ್ನು ಬರೆದುಕೊಟ್ಟೆ. ತಂತಿಯ ಹುಡುಗಿ ಅಕ್ಷರ ಎಣಿಸಲು ಗಟ್ಟಿಯಾಗಿ ಓದುತ್ತಾಳೆ. ಅರ್ಧಕ್ಕೆ ನಿಲ್ಲಿಸಿ, "ಅಜ್ಜ, ಇದನ್ನ ಹೀಗೇ ಹಾಕ್ಲಾ? ಎರಡು ಸಲ ಇದೆ" ಅಂದಳು. "ಎರಡೂ ಸಲ ಹಾಕು" ಅಂದೆ. ಒಲೆಯ ಹತ್ತಿರ ನಮ್ಮ ಗುಂಪಿನ ಇಬ್ಬರು ಕೂತಿದ್ದರು. ಒಬ್ಬ ನನ್ನ ಚಿಕ್ಕಪ್ಪನ ಮಗ ಇಸಾಬುರೊ. ಅವನು ಕಿವಿ ಮುಚ್ಚಿಕೊಂಡ, ಆದರೆ ತಡವಾಗಿ.

ಅಂದು ಸಂಜೆಯೇ ಸಭೆ. ತಮಾಷೆ ಎಂದರೆ ಇಸಾಬುರೊ ನನ್ನ ಪರ ನಿಂತ. "ಅಣ್ಣ ಬಾಯಲ್ಲಿ ಅಂದಿಲ್ಲ, ಕಾಗದದಲ್ಲಿ ಬರೆದ. ಬೆಟ್ಟಕ್ಕೆ ಓದೋಕೆ ಬರತ್ತಾ?" ಅಂದ.

"ಆ ಹುಡುಗಿ ಓದಿದ್ಲಲ್ಲೋ, ಹೊಳೆ ಆಚೆಗೂ ಕೇಳೋ ಹಾಗೆ!" ಅಂದ ಇನ್ನೊಬ್ಬ.

"ಅವಳು ಹಾಗೆ ಓದೋದ್ರಿಂದಲೇ ಊರಿಗೆ ಸುದ್ದಿ ಗೊತ್ತಾಗೋದು, ಅವಳನ್ನ ಬೈಬೇಡ" ಅಂದ ಮತ್ತೊಬ್ಬ.

ನಿಯಮ ನಿಯಮವೇ. ಹೊಳೆಯ ನೀರು ಮೂವತ್ತಮೂರು ಕೊಡ ತಲೆಯ ಮೇಲೆ, ಮೂರು ದಿನ ದೇವಿಯ ಗುಡಿಯಲ್ಲಿ ಒಬ್ಬನೇ ಬರಿಗಾಲಲ್ಲಿ. ಬೂಟು ಮನೆಯಲ್ಲಿದ್ದದ್ದು ಅದಕ್ಕೆ. ಇಪ್ಪತ್ತೊಂದು ವರ್ಷದ ಮುಖಂಡತನವೂ ಅಂದೇ ಹೋಯಿತು. ಅದು ಇಸಾಬುರೊಗೆ ಹೋಗಿದೆ. ನಾಲ್ಕರ ಬೆಳಿಗ್ಗೆ ನಾನು ಗುಡಿಯ ಕಿಂಡಿಯಿಂದ ಏಣನ್ನು ನೋಡುತ್ತಿದ್ದೆ. ಒಂಬತ್ತು ಚುಕ್ಕೆ ಕಂಡವು, ನಡುವೆ ಸಮನಾದ ಅಂತರ. ಎರಡು ಸಲ ಎಣಿಸಿದೆ. ಆಮೇಲೆ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದೆ.

ಐದು, ಆರು, ಏಳು, ಎಂಟನೇ ತಾರೀಖಿನವರೆಗೂ ಹಿರಾ ಕೂತೇ ಇತ್ತು. ನಮ್ಮವರು ಬೇಟೆಯಿಂದ ಮರಳುವಾಗ ನನ್ನ ಮನೆ ಮುಂದೆ ನಿಂತು, "ಅಣ್ಣ, ನೀನು ಕರೆದೆ, ಅದು ಬರ್ಲೇ ಇಲ್ಲ. ಬೆಟ್ಟಕ್ಕೂ ನಿನ್ನ ಮೇಲೆ ಸಿಟ್ಟು ಬಂದಿರ್ಬೇಕು" ಎಂದು ಕಾಲೆಳೆದರು. ಒಂಬತ್ತರಂದು ಇಡೀ ದಿನ ಬೆಚ್ಚಗಿನ ಮಳೆ. ಸಂಜೆ ನಾಲ್ಕಕ್ಕೆ ಬಿತ್ತು. ತಾಕೆಯ ಅಡುಗೆಮನೆಯ ಬಟ್ಟಲುಗಳು ಗಲಗಲ ಅಂದವು. ಮರುದಿನ ಹೋಗಿ ನೋಡಿದೆ. ನೀವು ಇಳಿಯಬೇಕೆಂದಿದ್ದ ದಾರಿಯ ಮೇಲೆ ಐದಾಳು ಎತ್ತರ ಹಿಮ, ಮಣ್ಣು. ಬೇರುಸಮೇತ ಬಂದ ಬೀಚ್ ಮರಗಳನ್ನು ನಲವತ್ತರವರೆಗೆ ಎಣಿಸಿ ಬಿಟ್ಟೆ.

ಅಂದು ಸಂಜೆ ಇಸಾಬುರೊ ಸಾಕೆ ಹಿಡಿದು ಬಂದು, ಮುಖಂಡತನ ವಾಪಸ್ ತಗೋ ಅಂದ. ಬೇಡ ಅಂದೆ. ಬೀಳದಿದ್ದರೂ ತೀರ್ಮಾನ ಸರಿ ಎಂದು ನೀವು ಬರೆದಿದ್ದಿರಲ್ಲ, ನನ್ನದೂ ಅದೇ ಲೆಕ್ಕ. ಹಿಮ ಬಿದ್ದ ಮಾತ್ರಕ್ಕೆ ನಾನು ಆಡಿದ ಮಾತು ಆಡದ ಮಾತಾಗುವುದಿಲ್ಲ. ಮತ್ತೆ ಅಂಥದೇ ಪತ್ರ ಬಂದರೆ ಮತ್ತೆ ಆಡುತ್ತೇನೆ. ಅಂಥವನು ಮುಖಂಡನಾಗಿರಬಾರದು.

ತೊಮಿ ಅವರಿಗೆ ನನ್ನ ನಮಸ್ಕಾರ. ಒಮ್ಮೆ ಒಳಗೆ ಹೋಗಿ ಬಂದವರು ಮತ್ತೆ ಬೆಟ್ಟಕ್ಕೆ ಬರುವುದು ಕಡಿಮೆ. ನಾನೂ ಒಮ್ಮೆ ಹೋಗಿ ಬಂದವನು, ಹತ್ತೊಂಬತ್ತನೇ ವಯಸ್ಸಿನಲ್ಲಿ. ಬೂದು ಬಣ್ಣ ಎಂದು ಅವರು ಹೇಳಿದ್ದು ಸರಿಯಾಗಿದೆ. ಇದನ್ನು ತಾಕೆಗೂ ಹೇಳಿರಲಿಲ್ಲ. ನಿಮ್ಮ ಪತ್ರ ಓದಿ ಹೇಳುವಾಗ ಬಾಯಿಗೆ ಬಂತು.

ಬರುವ ವರ್ಷವೂ ನಿಮ್ಮ ಯಂತ್ರ ನಿಲ್ಲುವುದು ಮೇ ಮೂರರಿಂದ ಐದರವರೆಗೇ ಎಂದು ತಿಳಿದಿದ್ದೇನೆ. ಏಣಿನಿಂದ ಪೂರ್ವಕ್ಕೆ ಇನ್ನೊಂದು ಇಳಿಜಾರಿದೆ. ಅಲ್ಲಿ ಹಿಮ ನಿಲ್ಲುತ್ತದೆ, ಜಾರುವುದಿಲ್ಲ, ಕೆಳಗಿನವರೆಗೂ ಬೀಚ್ ಕಾಡು. ಸ್ಕೀಗೆ ಅದರಷ್ಟು ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ. ದಾರಿ ಕಾಗದದಲ್ಲಿ ಬರೆದು ತಿಳಿಸುವಂಥದ್ದಲ್ಲ, ಯಾರಾದರೂ ಮುಂದೆ ನಡೆಯಬೇಕು. ಬೇಟೆಯ ದಿನಗಳಲ್ಲಿ ಮುಖಂಡನಾದವನು ಹೆಂಗಸರ ಜೊತೆ ಬೆಟ್ಟ ಹತ್ತುವಂತಿಲ್ಲ.

ನಾನೀಗ ಯಾರಿಗೂ ಮುಖಂಡನಲ್ಲ. ಆ ಮೂರೂ ದಿನ ಬಿಡುವಾಗಿದ್ದೇನೆ.

ಕಿಂಜಿ